ಒದ್ದೆ ಲಾಗ್‌ಬುಕ್ ಉಳಿಸಿಕೊಟ್ಟ ಜೆರಾಕ್ಸ್ ಅಂಗಡಿ

ಶಿವಮೊಗ್ಗದಲ್ಲಿ ಎಂಬಿಬಿಎಸ್ ಇಂಟರ್ನ್‌ಶಿಪ್ ಮುಗಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೆಗ್ಗಾನ್ ಆಸ್ಪತ್ರೆಯಿಂದ ನಡೆದೇ ಹೋಗಬಹುದಾದ ಸಣ್ಣ ಜೆರಾಕ್ಸ್ ಅಂಗಡಿ. ಎರಡು ಮಷಿನ್, ಒಂದು ಕಂಪ್ಯೂಟರ್, ಗೋಡೆ ಪಕ್ಕ ಒಂದು ಬೆಂಚು. ನಾವೆಲ್ಲ ಅಣ್ಣನ ಅಂಗಡಿ ಅಂತಲೇ ಕರೆಯುವುದು.

ಜೂನ್ ಕೊನೆಯಲ್ಲಿ ತೀರ್ಥಹಳ್ಳಿ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಪೋಸ್ಟಿಂಗ್ ಮುಗಿಸಿ ಬಸ್ಸಲ್ಲಿ ಬರುತ್ತಿದ್ದೆ. ಮಂಡಗದ್ದೆ ಹತ್ತಿರ ಹಿಡಿದ ಮಳೆ ಊರು ಮುಟ್ಟುವವರೆಗೂ ಬಿಡಲಿಲ್ಲ. ಬ್ಯಾಗಿನೊಳಗೆ ನೀರು ಇಳಿದು, ಮಾಡಿದ ಕೆಲಸ ಬರೆದು ಸಹಿ ಹಾಕಿಸಿಕೊಳ್ಳುವ ಲಾಗ್‌ಬುಕ್ ಪೂರ್ತಿ ಒದ್ದೆ. ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಗ್ಗೆ ಮನೆಮನೆಗೆ ಹೋಗಿ ಹೇಳಿಬಂದು ಬರೆದ ಪುಟಗಳೆಲ್ಲ ಅದರಲ್ಲೇ ಇದ್ದವು. ಕಾಡಿಗೆ ಹೋಗುವ ಮುಂಚೆ ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಉಣುಗು ಕಚ್ಚಿದೆಯಾ ನೋಡಿಕೊಳ್ಳಿ ಅಂತ. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ ಅದು. ಆ ಪುಟಗಳು ನನಗೆ ಬರೀ ಹಾಜರಿ ಲೆಕ್ಕ ಆಗಿರಲಿಲ್ಲ.

ನೇರ ಅಣ್ಣನ ಅಂಗಡಿಗೆ ಹೋಗಿ, ನಾನು ಪುಟ ಬಿಡಿಸಲು ಹೋದೆ. "ಕೈ ಹಾಕ್ಬೇಡಿ ಡಾಕ್ಟ್ರಮ್ಮಾ, ಹರಿಯುತ್ತೆ" ಅಂದರು ಅಣ್ಣ. ಜೆರಾಕ್ಸ್ ನಿಲ್ಲಿಸಿ, ಒಂದೊಂದೇ ಹಾಳೆಯ ನಡುವೆ ಹಳೇ ಪೇಪರ್ ತುಂಡು ಇಟ್ಟು, ಫ್ಯಾನ್ ಕೆಳಗೆ ಹರವಿದರು. ರಾತ್ರಿ ಅಂಗಡಿ ಮುಚ್ಚುವಾಗ ಪೇಪರ್ ಬದಲಿಸಿ ಮೇಲೆ ಭಾರ ಹೇರಿದ್ದರಂತೆ. ಮಾರನೇ ದಿನ ಕೈಗೆ ಬಂತು. ಸ್ವಲ್ಪ ಇಂಕು ಹರಡಿತ್ತು, ಆದರೆ ಸಹಿಗಳೆಲ್ಲ ಓದುವಂತಿದ್ದವು. ಒಂದು ಪುಟದ ಹಿಂದೆ ಅಡಿಕೆ ಧಾರಣೆಯ ಅಂಕಿಗಳು ಉಲ್ಟಾ ಅಂಟಿಕೊಂಡಿವೆ. ಅವರು ದುಡ್ಡು ತಗೊಂಡಿದ್ದು ಸ್ಕ್ಯಾನ್‌ಗೆ ಮಾತ್ರ.

ಈ ಕೊನೇ ತಿಂಗಳುಗಳಲ್ಲಿ ಓದಿಗಿಂತ ಕಾಗದದ ಓಡಾಟವೇ ಜಾಸ್ತಿ, ಅಲ್ವಾ? ಪಿಜಿ ಸೀಟು ಹಂಚುವ ಕೌನ್ಸೆಲಿಂಗ್‌ಗೆ ಏನೇನು ಬೇಕು ಅಂತ ಅಣ್ಣನಿಗೆ ಬಾಯಿಪಾಠ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಎಷ್ಟನೇ ಸಲಕ್ಕೆ ಪಾಸಾದೆವು ಅಂತ ತೋರಿಸುವ ಅಟೆಂಪ್ಟ್ ಸರ್ಟಿಫಿಕೇಟ್, ಇಂಟರ್ನ್‌ಶಿಪ್ ಮುಗಿಸಿದ ಪತ್ರ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿವರೆಗೆ ಸಾಲಾಗಿ ಜೋಡಿಸಿ ಕೊಡುತ್ತಾರೆ. ನನ್ನ ಗೆಳತಿ ಒರಿಜಿನಲ್ ಲ್ಯಾಮಿನೇಷನ್ ಮಾಡಿಸಲು ಹೋದಾಗ, ಸೀಲು ಪರಿಶೀಲಿಸುವಾಗ ತೊಂದರೆ ಆಗುತ್ತೆ, ಪ್ಲಾಸ್ಟಿಕ್ ಕವರ್ ಸಾಕು ಅಂತ ವಾಪಸ್ ಕಳಿಸಿದರು. ಪಿಜಿ ಪ್ರವೇಶ ಪರೀಕ್ಷೆ ನೀಟ್ ಪಿಜಿಯ ಮಾದರಿ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿದರೆ, 200 ಪ್ರಶ್ನೆ ಒಂದು ಕಡೆ, ಉತ್ತರ ಬೇರೆ ಪಿನ್ ಮಾಡಿ ಕೊಡುತ್ತಾರೆ. "ಮೂರೂವರೆ ಗಂಟೆ ಕೂತು ಬರೀರಿ, ಆಮೇಲೆ ಇದನ್ನ ತೆಗೀರಿ" ಅನ್ನುತ್ತಾರೆ.

ಕಲರ್ ಪ್ರಿಂಟ್ ಮಂಕು, ಫೋಟೋಗೆ ಬೇರೆ ಕಡೆ ಹೋಗಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ದೊಡ್ಡ ಮಷಿನ್ ನಿಂತುಬಿಡುತ್ತದೆ. ಹಾಗಾಗಿ ಕೊನೇ ದಿನದ ಸಂಜೆವರೆಗೂ ಕಾಯಬೇಡಿ. ಮಧ್ಯಾಹ್ನ ಎರಡರ ಮೇಲೆ ಹೋದರೆ ರಶ್ ಕಡಿಮೆ. ಹೋಗುವಾಗ ಕಾಗದಗಳನ್ನು ಎರಡು ಪ್ಲಾಸ್ಟಿಕ್ ಕವರಲ್ಲಿ ಸುತ್ತಿಕೊಂಡು ಹೋಗಿ.