ಫೋರ್‌ರನರ್ 265, ಪೇಸ್ 3, ಸುಂಟೊ ರೇಸ್: ಯಾರ ಕೈಗೆ ಯಾವುದು?

ಜಿಪಿಎಸ್ ವಾಚ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವುದರ ಜಿಪಿಎಸ್ ಹೆಚ್ಚು ನಿಖರ?’ ಎಂದು. ಗಾರ್ಮಿನ್ ಫೋರ್‌ರನರ್ 265, ಕೊರೋಸ್ ಪೇಸ್ 3, ಸುಂಟೊ ರೇಸ್ ಈ ಮೂರರ ನಡುವೆ ಆ ಪ್ರಶ್ನೆಯಿಂದ ಏನೂ ತೀರ್ಮಾನವಾಗುವುದಿಲ್ಲ. ಮೂರೂ 2023ರಲ್ಲಿ ಬಂದವು, ಮೂರರಲ್ಲೂ ಡ್ಯುಯಲ್ ಫ್ರೀಕ್ವೆನ್ಸಿ (ಉಪಗ್ರಹದ ಸಿಗ್ನಲ್ಲನ್ನು ಎರಡು ಆವರ್ತನಗಳಲ್ಲಿ ಹಿಡಿಯುವ ವ್ಯವಸ್ಥೆ) ಇದೆ. ಒಂದೇ ಬಯಲು ರಸ್ತೆಯಲ್ಲಿ ಕಟ್ಟಿಕೊಂಡು ಓಡಿದರೆ ಮೂರರ ದೂರದಲ್ಲಿ ಕಾಣುವ ವ್ಯತ್ಯಾಸ ತರಬೇತಿಯ ಲೆಕ್ಕ ಕೆಡಿಸುವಷ್ಟಿಲ್ಲ. ಆಯ್ಕೆ ನಿಲ್ಲುವುದು ಬೇರೆ ಸಂಗತಿಗಳ ಮೇಲೆ: ನಿಮ್ಮ ಬಳಿ ಈಗಾಗಲೇ ಇರುವ ಸೆನ್ಸರ್‌ಗಳು, ಒದ್ದೆ ಕೈಗೆ ಸಿಗುವ ಬಟನ್, ಮಣಿಕಟ್ಟಿನ ಮೇಲಿನ ಭಾರ, ನಿಮ್ಮ ಅತಿ ದೀರ್ಘ ಓಟದ ಅವಧಿ.

ಸೆನ್ಸರ್‌ನಿಂದಲೇ ಶುರು ಮಾಡಬೇಕು, ಏಕೆಂದರೆ ಕೊಂಡ ಮೇಲೆ ಸರಿಪಡಿಸಲಾಗದ ತಪ್ಪು ಇಲ್ಲೇ ಆಗುವುದು. ಫೋರ್‌ರನರ್ 265 ಬ್ಲೂಟೂತ್ ಮತ್ತು ಆಂಟ್ ಪ್ಲಸ್ (ಸೆನ್ಸರ್‌ಗಳಿಂದ ತಂತಿಯಿಲ್ಲದೆ ಮಾಹಿತಿ ತರುವ ಇನ್ನೊಂದು ಬಗೆಯ ಸಂಪರ್ಕ) ಎರಡನ್ನೂ ಹಿಡಿಯುತ್ತದೆ. ಪೇಸ್ 3 ಮತ್ತು ಸುಂಟೊ ರೇಸ್‌ಗೆ ಸೆನ್ಸರ್ ಜೋಡಿಸಲು ಬ್ಲೂಟೂತ್ ಒಂದೇ ದಾರಿ. ಸೈಕಲ್ಲಿಗೆ ಹಳೆಯ ಪವರ್ ಮೀಟರ್ (ತುಳಿತದ ಶಕ್ತಿ ಅಳೆಯುವ ಸೆನ್ಸರ್) ಹಾಕಿದ್ದು, ಅದು ಬರೀ ಆಂಟ್ ಪ್ಲಸ್ ಆಗಿದ್ದರೆ, ಈ ಎರಡು ವಾಚುಗಳಿಗೆ ಅದು ಕಾಣುವುದೇ ಇಲ್ಲ. ಪೋಲಾರ್ ಎಚ್10 ಎದೆಪಟ್ಟಿ ಎರಡೂ ಬಗೆಯಲ್ಲಿ ಸಿಗ್ನಲ್ ಕಳಿಸುವುದರಿಂದ ಮೂರಕ್ಕೂ ಹೊಂದುತ್ತದೆ. ನೀರಿನೊಳಗೆ ಮಾತ್ರ ಎರಡೂ ಸಿಗ್ನಲ್ ಸಾಯುತ್ತವೆ. ಈಜಿನ ಹೃದಯಬಡಿತ ಬೇಕೇಬೇಕು ಎನ್ನುವವರಿಗೆ ಗಾರ್ಮಿನ್ನಿನ ಎಚ್‌ಆರ್‌ಎಂ ಪ್ರೊ ಥರದ ಪಟ್ಟಿ ಬೇಕು: ಅದು ಈಜುವಾಗ ಬಡಿತವನ್ನು ತನ್ನಲ್ಲೇ ಬರೆದಿಟ್ಟುಕೊಂಡು, ಆಮೇಲೆ ಗಾರ್ಮಿನ್ ವಾಚಿಗೆ ಒಪ್ಪಿಸುತ್ತದೆ.

ಎದೆಪಟ್ಟಿ ಇಲ್ಲದೆ ಮಣಿಕಟ್ಟಿನ ಸೆನ್ಸರನ್ನೇ ನಂಬುವುದಾದರೆ ತೂಕಕ್ಕೆ ಮಹತ್ವ ಬರುತ್ತದೆ. ನೈಲಾನ್ ಪಟ್ಟಿಯ ಪೇಸ್ 3 ಬರೀ 30 ಗ್ರಾಂ, ಫೋರ್‌ರನರ್ 265 47 ಗ್ರಾಂ, ಉಕ್ಕಿನ ಸುಂಟೊ ರೇಸ್ 83 ಗ್ರಾಂ. ಟೈಟಾನಿಯಂ ಆವೃತ್ತಿ ತೆಗೆದುಕೊಂಡರೆ 69ಕ್ಕೆ ಇಳಿಯುತ್ತದೆ. ಭಾರದ ವಾಚು ಹೆಜ್ಜೆ ಹೆಜ್ಜೆಗೂ ಕೈಮೇಲೆ ಕುಪ್ಪಳಿಸುತ್ತದೆ, ಸಂದಿಯಲ್ಲಿ ಹೊರಗಿನ ಬೆಳಕು ನುಗ್ಗುತ್ತದೆ, ಸೆನ್ಸರ್ ರಕ್ತದ ಮಿಡಿತ ಬಿಟ್ಟು ಹೆಜ್ಜೆಯ ಲಯವನ್ನೇ ಎಣಿಸತೊಡಗುತ್ತದೆ. ಹಗುರ ಓಟದಲ್ಲಿ ಬಡಿತ ಇದ್ದಕ್ಕಿದ್ದಂತೆ 170ರ ಆಸುಪಾಸಿಗೆ ಏರಿ ಅಲ್ಲೇ ಅಂಟಿಕೊಂಡರೆ ನಿಮ್ಮ ಕೇಡೆನ್ಸ್ (ನಿಮಿಷಕ್ಕೆ ಹಾಕುವ ಹೆಜ್ಜೆಗಳ ಸಂಖ್ಯೆ) ನೋಡಿ. ಎರಡೂ ಒಂದೇ ಆಗಿದ್ದರೆ ಕಾರಣ ಇದೇ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿದರೆ ಬಹುಪಾಲು ಸರಿಹೋಗುತ್ತದೆ. ಪೇಸ್ 3 ಈ ವಿಷಯದಲ್ಲಿ ಬಹಳ ಆರಾಮ, ಮಲಗುವಾಗಲೂ ಬಿಚ್ಚಬೇಕು ಅನ್ನಿಸುವುದಿಲ್ಲ. ಆದರೂ 400 ಮೀಟರಿನ ಚುರುಕು ಇಂಟರ್ವಲ್‌ಗಳಿಗೆ (ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓಡುವ ವೇಗದ ತುಣುಕುಗಳಿಗೆ) ಮಣಿಕಟ್ಟಿನ ಯಾವ ಸೆನ್ಸರೂ ಎದೆಪಟ್ಟಿಗೆ ಸಾಟಿಯಲ್ಲ.

ಪರದೆಯ ವಿಷಯ ಬೇಗ ಮುಗಿಯುತ್ತದೆ. 265 ಮತ್ತು ಸುಂಟೊ ರೇಸ್‌ನದು ತಾನೇ ಬೆಳಗುವ ಅಮೊಲೆಡ್, ಮುಂಜಾವಿನ ಕತ್ತಲಲ್ಲಿ ಓದಲು ಸೊಗಸು. ಪೇಸ್ 3ರದು ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುವ ಎಂಐಪಿ ಪರದೆ. ಕತ್ತಲಲ್ಲಿ ಅದಕ್ಕೆ ಬ್ಯಾಕ್‌ಲೈಟ್ ಬೇಕು.

ಬಟನ್‌ಗಳ ವಿಷಯ ಹಾಗಲ್ಲ. ಬೆವರು, ಮಳೆ, ಈಜುಕೊಳದ ನೀರು ಇದ್ದಾಗ ಟಚ್‌ಸ್ಕ್ರೀನ್ ನೆಚ್ಚಬಾರದು. 265ರಲ್ಲಿ ಐದು ಬಟನ್ ಇವೆ, ನೋಡದೆಯೇ ಬೆರಳಿಗೆ ಸಿಗುತ್ತವೆ. ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಮೋಡ್‌ನಲ್ಲಿ ಬಲಗಡೆಯ ಕೆಳಗಿನ ಲ್ಯಾಪ್ ಬಟನ್ ಒತ್ತುತ್ತಾ ಹೋದರೆ ಈಜು, ಟಿ1, ಸೈಕಲ್, ಟಿ2, ಓಟ ಸಾಲಾಗಿ ಬರುತ್ತವೆ (ಟಿ1, ಟಿ2 ಎಂದರೆ ಒಂದು ಭಾಗದಿಂದ ಇನ್ನೊಂದಕ್ಕೆ ಬದಲಾಗುವ ನಡುವಿನ ಹೊತ್ತು). ಪೇಸ್ 3ರಲ್ಲಿ ತಿರುಗುವ ಡಯಲ್ ಒಂದು, ಬಟನ್ ಒಂದು. ಒಣಗಿದ ಬೆರಳಿಗೆ ಡಯಲ್ ಚೆನ್ನ, ಚಳಿಗೆ ಮರಗಟ್ಟಿದ ಬೆರಳಿಗೆ ಅಷ್ಟು ಒಗ್ಗುವುದಿಲ್ಲ. ಸುಂಟೊದಲ್ಲಿ ನಡುವೆ ಕ್ರೌನ್, ಮೇಲೆ ಕೆಳಗೆ ಒಂದೊಂದು ಬಟನ್. ವಾಚು ಯಾವುದೇ ಆಗಲಿ, ವೆಟ್‌ಸೂಟಿನ (ಈಜಲು ತೊಡುವ ರಬ್ಬರ್ ಉಡುಪಿನ) ತೋಳು ಎಳೆಯುವಾಗ ಲ್ಯಾಪ್ ಬಟನ್ ಒತ್ತಿಹೋದರೆ ಈಜು ಅರ್ಧದಲ್ಲೇ ಟಿ1 ಆಗಿ, ಮುಂದಿನ ಭಾಗಗಳೆಲ್ಲ ಒಂದು ಸ್ಥಾನ ಜರುಗುತ್ತವೆ. ಸ್ಪರ್ಧೆಗೆ ಮುಂಚೆ ಮನೆಯಂಗಳದಲ್ಲೇ ಐದೂ ಭಾಗಗಳನ್ನು ಒಂದೊಂದು ನಿಮಿಷದಂತೆ ಒತ್ತಿ ಅಭ್ಯಾಸ ಮಾಡಿ.

ಬ್ಯಾಟರಿಯನ್ನು ಕಂಪನಿ ಹೇಳುವ ದೊಡ್ಡ ಅಂಕಿಯಿಂದ ಅಳೆಯಬೇಡಿ, ನೀವು ಬಳಸುವ ಮೋಡ್‌ನ ಅಂಕಿ ನೋಡಿ. 265 ಬರೀ ಜಿಪಿಎಸ್‌ನಲ್ಲಿ 20 ಗಂಟೆ, ಮಲ್ಟಿಬ್ಯಾಂಡ್‌ನಲ್ಲಿ (ಡ್ಯುಯಲ್ ಫ್ರೀಕ್ವೆನ್ಸಿಗೆ ಗಾರ್ಮಿನ್ ಇಟ್ಟ ಹೆಸರು) 14 ಗಂಟೆ. ಪೇಸ್ 3 ಸಾಮಾನ್ಯ ಜಿಪಿಎಸ್‌ನಲ್ಲಿ 38, ಡ್ಯುಯಲ್ ಫ್ರೀಕ್ವೆನ್ಸಿಯಲ್ಲಿ 15. ಸುಂಟೊ ರೇಸ್ ತನ್ನ ಅತ್ಯುತ್ತಮ ಮೋಡ್‌ನಲ್ಲೇ 40 ಗಂಟೆ ಎಳೆಯುತ್ತದೆ. ಪೂರ್ಣ ಐರನ್‌ಮ್ಯಾನ್ ಎಂಬ ದೀರ್ಘ ಟ್ರಯಥ್ಲಾನ್ ಮುಗಿಸಲು ಇರುವ ಗಡುವು 17 ಗಂಟೆ. ಕೊನೆಯ ಗಂಟೆಗಳಲ್ಲಿ ಮುಗಿಸುವವರು ಮೊದಲೆರಡು ವಾಚುಗಳನ್ನು ಡ್ಯುಯಲ್ ಫ್ರೀಕ್ವೆನ್ಸಿಗೆ ಹಾಕಿಕೊಂಡು ಹೊರಟರೆ ಓಟದ ನಡುವೆಯೇ ಪರದೆ ಆರುತ್ತದೆ. ಹಾಗಾಗಿ ಆ ದಿನಕ್ಕೆ ಸಾಮಾನ್ಯ ಜಿಪಿಎಸ್ ಸಾಕು. ಎತ್ತರದ ಕಟ್ಟಡಗಳ ನಡುವೆ, ಕಡಿದಾದ ಕಣಿವೆಯಲ್ಲಿ ಮಾತ್ರ ಡ್ಯುಯಲ್‌ನ ಬೆಲೆ ತಿಳಿಯುತ್ತದೆ. ಅಲ್ಲಿ ಗೋಡೆಗೆ ಬಡಿದು ತಡವಾಗಿ ಬರುವ ಸಿಗ್ನಲ್ಲನ್ನು ನೇರ ಸಿಗ್ನಲ್ಲಿನಿಂದ ಬೇರ್ಪಡಿಸಲು 1176.45 ಮೆಗಾಹರ್ಟ್ಜ್‌ನ ಎಲ್5 ಎಂಬ ಎರಡನೆಯ ಸಿಗ್ನಲ್ ನೆರವಾಗುತ್ತದೆ. ಹಳೆಯ ಎಲ್1 ಒಂದೇ ಇದ್ದರೆ ನಿಮ್ಮ ದಾರಿ ಪಕ್ಕದ ಕಟ್ಟಡದೊಳಗೆ ಹಾದುಹೋದಂತೆ ನಕ್ಷೆಯಲ್ಲಿ ಕಾಣುವುದುಂಟು.

ಎಲ್5 ಇದ್ದರೂ ಆ ಕ್ಷಣದ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ) ಓಲಾಡುತ್ತಲೇ ಇರುತ್ತದೆ. ಇಂಟರ್ವಲ್‌ನಲ್ಲಿ ಅದನ್ನು ನೋಡಿಕೊಂಡು ಓಡಬಾರದು, ಪರದೆಯಲ್ಲಿ ಲ್ಯಾಪ್ ಪೇಸ್ (ಆ ಸುತ್ತಿನ ಸರಾಸರಿ) ಇಟ್ಟುಕೊಳ್ಳಿ. ಟ್ರ್ಯಾಕ್‌ನಲ್ಲಿ 265 ಮತ್ತು ಪೇಸ್ 3 ಎರಡರಲ್ಲೂ ಟ್ರ್ಯಾಕ್ ಮೋಡ್ ಇದೆ, ಲೇನ್ ಸರಿಯಾಗಿ ಆರಿಸಬೇಕು. ಒಂದನೇ ಲೇನಿನ ಸುತ್ತು 400 ಮೀಟರ್ ಆದರೆ ನಾಲ್ಕನೆಯದು ಸುಮಾರು 422. ತಪ್ಪು ಲೇನ್ ಹಾಕಿದರೆ ಸುತ್ತಿಗೆ 22 ಮೀಟರ್ ಹೋಯಿತು. ಮ್ಯಾರಥಾನ್‌ನಲ್ಲಿ ವಾಚು ತಾನೇ ಲ್ಯಾಪ್ ಎಣಿಸುವ ಆಟೊ ಲ್ಯಾಪ್ ಆಫ್ ಮಾಡಿ, ದಾರಿಬದಿಯ ಕಿಲೋಮೀಟರ್ ಫಲಕದ ಬಳಿ ಕೈಯಿಂದ ಲ್ಯಾಪ್ ಒತ್ತಿ. ತಿರುವುಗಳಲ್ಲಿ ಸುತ್ತಿಬಳಸಿ ಓಡುವುದರಿಂದ ವಾಚು 42.195ರ ಬದಲು 42.6 ತೋರಿಸುವುದು ಸಾಮಾನ್ಯ. ಅದರ ಮಾತು ಕೇಳಿ 5:00 ಪೇಸ್‌ನಲ್ಲಿ ಓಡಿದವರು 3 ಗಂಟೆ 31 ನಿಮಿಷದ ಬದಲು 3 ಗಂಟೆ 33 ನಿಮಿಷಕ್ಕೆ ಮುಗಿಸುತ್ತಾರೆ.

ನಕ್ಷೆ ಬೇಕಾದವರಿಗೆ ಮೂರರಲ್ಲಿ ಸುಂಟೊ ರೇಸ್ ಒಂದೇ ಗತಿ. ಮನೆಯಲ್ಲೇ ವೈಫೈ ಮೂಲಕ ನಕ್ಷೆ ಇಳಿಸಿಕೊಂಡು ಹೊರಡಬೇಕು. ಉಳಿದೆರಡು ಖಾಲಿ ಪರದೆಯ ಮೇಲೆ ದಾರಿಯ ಗೆರೆಯನ್ನಷ್ಟೇ ತೋರಿಸುತ್ತವೆ. ಗೊತ್ತಿರುವ ರಸ್ತೆಗೆ ಅದು ಸಾಕು, ಕವಲು ಹೆಚ್ಚಿರುವ ಕಾಡುದಾರಿಗೆ ಸಾಲದು.

ನಿದ್ದೆ, ಚೇತರಿಕೆಯ ಲೆಕ್ಕದಲ್ಲಿ 265 ಮುಂದಿದೆ. ಅದರ ಎಚ್‌ಆರ್‌ವಿ (ಬಡಿತಗಳ ನಡುವಿನ ಅಂತರದ ಏರಿಳಿತ) ಸ್ಟೇಟಸ್ ಕಾಣಿಸಿಕೊಳ್ಳಲು ಸುಮಾರು ಮೂರು ವಾರ ರಾತ್ರಿ ವಾಚು ಕಟ್ಟಿಕೊಂಡೇ ಮಲಗಬೇಕು. ಮೊದಲ ದಿನವೇ ಗರಿಷ್ಠ ಹೃದಯಬಡಿತವನ್ನು ಕೈಯಾರೆ ತುಂಬಿಸಿ. 220ರಿಂದ ವಯಸ್ಸು ಕಳೆಯುವ ಸೂತ್ರ ಹತ್ತು ಬಡಿತ ಆಚೀಚೆ ಹೋಗುವುದು ಸಾಮಾನ್ಯ, ಆಗ ತರಬೇತಿಯ ತೀವ್ರತೆ ಗುರುತಿಸುವ ಎಲ್ಲ ಬಡಿತದ ಝೋನ್‌ಗಳೂ ತಪ್ಪುತ್ತವೆ.

ನಮ್ಮ ಆಯ್ಕೆ ಹೀಗಿದೆ. ಓಟವೇ ಮುಖ್ಯ, ಆಗಾಗ ಟ್ರಯಥ್ಲಾನ್ ಎನ್ನುವವರಿಗೆ ಪೇಸ್ 3. ಸೈಕಲ್ಲಿನಲ್ಲಿ ಆಂಟ್ ಪ್ಲಸ್ ಸೆನ್ಸರ್ ಇರುವವರಿಗೆ 265. ಬೆಟ್ಟದ ದೀರ್ಘ ಓಟಗಳಿಗೆ ಟೈಟಾನಿಯಂ ಸುಂಟೊ ರೇಸ್. ಆಂಟ್ ಪ್ಲಸ್ ಜೊತೆಗೆ ನಕ್ಷೆಯೂ ಬೇಕಾದವರು 53 ಗ್ರಾಂನ ಫೋರ್‌ರನರ್ 965 ನೋಡಬೇಕು. ಫೋರ್‌ರನರ್ 165 ಓಟಕ್ಕೆ ಒಳ್ಳೆಯ ವಾಚು, ಆದರೆ ಟ್ರಯಥ್ಲಾನ್ ಮೋಡ್ ಅದರಲ್ಲಿಲ್ಲ.