ಒಂದು ಕ್ಷೇತ್ರ, ಹಲವು ಜಾಲತಾಣ: ಸರ್ಕಾರ ಮತ್ತು ರಾಜಕಾರಣದ ಮಾಹಿತಿಯನ್ನು ಎಲ್ಲಿ ಹುಡುಕಬೇಕು?

ಸರ್ಕಾರ, ಚುನಾವಣೆ ಮತ್ತು ಶಾಸನಸಭೆಗಳ ಬಗ್ಗೆ ಅಧ್ಯಯನ ಮಾಡುವವರಿಗೆ ನೆರವಾಗುವ ಜಾಲತಾಣಗಳನ್ನು ನಾನು ಒಂದೇ ಮಾನದಂಡದಿಂದ ಅಳೆಯುತ್ತೇನೆ. ಅಲ್ಲಿ ಕೊಟ್ಟಿರುವ ಅಂಕಿ ಯಾವ ಮೂಲ ದಾಖಲೆಯಿಂದ ಬಂದಿದೆ ಎಂಬುದನ್ನು ತಾಣ ತಿಳಿಸುತ್ತದೆಯೇ, ಆ ದಾಖಲೆಯನ್ನು ಓದುಗ ತಾನೇ ತೆರೆದು ನೋಡಲು ದಾರಿ ಮಾಡಿಕೊಡುತ್ತದೆಯೇ ಎಂಬುದೇ ಆ ಮಾನದಂಡ. ಎಲ್ಲ ತಾಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಅನುಕೂಲವಾಗಲೆಂದು ಇಲ್ಲಿ ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರವನ್ನು, ಅಂದರೆ ರಾಜ್ಯದ 224 ಕ್ಷೇತ್ರಗಳ ಪಟ್ಟಿಯಲ್ಲಿ 173ನೆಯದನ್ನು, ಆರಿಸಿಕೊಂಡಿದ್ದೇನೆ. 2023ರಲ್ಲಿ ಕೇವಲ 16 ಮತಗಳ ಅಂತರದಿಂದ ತೀರ್ಮಾನವಾದ ಈ ಕ್ಷೇತ್ರದ ವಿಷಯದಲ್ಲಿ ಅಂದಾಜಿನ ಮಾತಿಗೆ ಅವಕಾಶವೇ ಇಲ್ಲ.

ಮೊದಲು ತೆರೆಯಬೇಕಾದುದು ಭಾರತ ಚುನಾವಣಾ ಆಯೋಗದ ಜಾಲತಾಣ. ಮೊದಲ ಮಹಾಚುನಾವಣೆಯಿಂದ ಈಚೆಗಿನ ಅಂಕಿಅಂಶ ವರದಿಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ 40,752ಕ್ಕೆ ಎದುರಾಗಿ 40,751 ಮತ ಪಡೆದವರು ಒಂದೇ ಮತದಿಂದ ಸೋತ ಸಂಗತಿಯನ್ನು ಎಲ್ಲರೂ ಬಾಯಿಮಾತಿನಲ್ಲಿ ಹೇಳುತ್ತಾರೆ. ಅದನ್ನು ಬರವಣಿಗೆಯಲ್ಲಿ ಉಲ್ಲೇಖಿಸಬೇಕಾದವರು ಈ ವರದಿಯ ಪುಟವನ್ನೇ ತೋರಿಸಬಹುದು. ಆದರೆ ಫಲಿತಾಂಶದ ದಿನದ ಪುಟವನ್ನೂ ಅಂತಿಮ ವರದಿಯನ್ನೂ ಒಂದೇ ಎಂದು ಭಾವಿಸಬಾರದು. 2018ರ ಮೇ 15ರಂದು ಮತ ಎಣಿಕೆ ನಡೆದದ್ದು 222 ಕ್ಷೇತ್ರಗಳಲ್ಲಿ ಮಾತ್ರ. ರಾಜರಾಜೇಶ್ವರಿನಗರದ ಮತದಾನ ಮೇ 28ಕ್ಕೆ ಮುಂದೂಡಲ್ಪಟ್ಟಿತ್ತು. ಅಭ್ಯರ್ಥಿಯೊಬ್ಬರ ನಿಧನದಿಂದಾಗಿ ಜಯನಗರದ ಮತದಾನ ಜೂನ್ 11ಕ್ಕೆ ಹೋಗಿತ್ತು. ಆ ಮೇ ತಿಂಗಳ ಪತ್ರಿಕೆಗಳಲ್ಲಿ ಕಾಂಗ್ರೆಸ್‌ಗೆ 78 ಸ್ಥಾನವೆಂದೂ ನಂತರದ ಪಟ್ಟಿಗಳಲ್ಲಿ 80 ಎಂದೂ ಕಾಣುವುದಕ್ಕೆ ಇದೇ ಕಾರಣ. ಎರಡೂ ಸರಿಯೇ, ದಿನಾಂಕ ಹೇಳದೆ ಬಳಸಿದರೆ ಮಾತ್ರ ತಪ್ಪು.

ಕ್ಷೇತ್ರದ ಒಟ್ಟು ಲೆಕ್ಕ ಸಾಲದು, ಮತಗಟ್ಟೆಯ ಲೆಕ್ಕ ಬೇಕು ಎನ್ನುವವರು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣಕ್ಕೆ ಹೋಗಬೇಕು. ಅಲ್ಲಿ ಸಿಗುವ ನಮೂನೆ 20, ನನ್ನ ಅಭಿಪ್ರಾಯದಲ್ಲಿ, ರಾಜ್ಯ ರಾಜಕಾರಣವನ್ನು ಅಭ್ಯಾಸ ಮಾಡುವವರಿಗೆ ದೊರೆಯುವ ಅತ್ಯಂತ ಬೆಲೆಯುಳ್ಳ ದಾಖಲೆ. ಒಂದೊಂದು ಸಾಲಿಗೆ ಒಂದೊಂದು ಮತಗಟ್ಟೆ, ಒಂದೊಂದು ಕಂಬಸಾಲಿನಲ್ಲಿ ಒಬ್ಬೊಬ್ಬ ಅಭ್ಯರ್ಥಿ, ಜೊತೆಗೆ ನೋಟಾ, ಕೊನೆಯಲ್ಲಿ ಮತಯಂತ್ರದ ಮೊತ್ತದ ಕೆಳಗೆ ಅಂಚೆ ಮತಗಳ ಸಾಲು ಬೇರೆಯಾಗಿಯೇ ಇರುತ್ತದೆ. 2023ರ ಜಯನಗರದಲ್ಲಿ ವಿವಾದವೆದ್ದದ್ದು ಅಂಚೆ ಮತಗಳ ಕುರಿತಾಗಿಯೇ ಆದ್ದರಿಂದ, 57,797 ಮತ್ತು 57,781 ಎಂಬ ಅಂತಿಮ ಅಂಕಿಗಳನ್ನಷ್ಟೇ ನೋಡಿ ಮುಂದೆ ಹೋಗುವವರಿಗೆ ಈ ಸಾಲಿನ ಮಹತ್ವ ತಿಳಿಯುವುದಿಲ್ಲ. ತೊಂದರೆಯೆಂದರೆ ಇಂತಹ ಹಾಳೆಗಳು ಅನೇಕ ವೇಳೆ ಸ್ಕ್ಯಾನ್ ಮಾಡಿದ ಚಿತ್ರಗಳಾಗಿರುತ್ತವೆ. ನೂರಾರು ಸಾಲುಗಳನ್ನು ಎಕ್ಸೆಲ್‌ಗೆ ಕೈಯಿಂದಲೇ ಏರಿಸುವ ಸಹನೆ ಇಲ್ಲದವರಿಗೆ ಇದು ಒಗ್ಗುವ ಕೆಲಸವಲ್ಲ.

ಅಭ್ಯರ್ಥಿಗಳ ವಿವರಕ್ಕೆ ಬಂದರೆ ಬಹುತೇಕ ಎಲ್ಲರೂ ಬಳಸುವುದು ಮೈನೇತಾ ತಾಣವನ್ನು. ಅದನ್ನು ನಡೆಸುವ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆಯನ್ನು 1999ರಲ್ಲಿ ಕಟ್ಟಿದವರು ಅಹಮದಾಬಾದಿನ ಐಐಎಂನ ಪ್ರಾಧ್ಯಾಪಕರು. ಅವರು ಹೂಡಿದ ಮೊಕದ್ದಮೆಯಿಂದಲೇ 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಅಭ್ಯರ್ಥಿಗಳು ಪ್ರಮಾಣಪತ್ರ ಸಲ್ಲಿಸುವ ಪದ್ಧತಿಗೆ ದಾರಿಯಾಯಿತು. ಆ ಪ್ರಮಾಣಪತ್ರದ ನಮೂನೆ 26ರಲ್ಲಿ ಅಭ್ಯರ್ಥಿ ತನ್ನ ಮೇಲಿನ ಕ್ರಿಮಿನಲ್ ಪ್ರಕರಣಗಳು, ತನ್ನ ಮತ್ತು ಕುಟುಂಬದವರ ಆಸ್ತಿ, ಸಾಲ, ಐದು ವರ್ಷಗಳ ಆದಾಯ ತೆರಿಗೆ ವಿವರ, ವಿದ್ಯಾಭ್ಯಾಸ ಇವೆಲ್ಲವನ್ನೂ ಬರೆದು ನೋಟರಿಯ ಮುದ್ರೆ ಹಾಕಿಸಿ ಕೊಡಬೇಕು. ಕೈಬರಹದಲ್ಲಿಯೂ ಕನ್ನಡದಲ್ಲಿಯೂ ಇರುವ ಆ ಪುಟಗಳನ್ನು ಓದಿ, ಕೋಷ್ಟಕವಾಗಿಸಿ, ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಹೋಲಿಸಲು ಅನುವು ಮಾಡಿಕೊಟ್ಟಿರುವುದು ಮೈನೇತಾದ ದೊಡ್ಡ ಸೇವೆ.

ಆದರೂ ಈ ತಾಣವನ್ನು ಓದುವ ರೀತಿಯಲ್ಲಿ ನಮ್ಮ ಸುದ್ದಿಮಾಧ್ಯಮಗಳು ಅವಸರ ಮಾಡುತ್ತವೆ ಎಂಬುದು ನನ್ನ ದೂರು. ‘ಪ್ರಕರಣಗಳು’ ಎಂಬ ಅಂಕಣದಲ್ಲಿ ಕಾಣುವುದು ಹೆಚ್ಚಾಗಿ ವಿಚಾರಣೆಗೆ ಬಾಕಿ ಇರುವ ಪ್ರಕರಣಗಳು. ಪ್ರತಿಭಟನೆಯಲ್ಲಿ ಅಕ್ರಮ ಕೂಟ ಸೇರಿದರೆಂಬ ಆರೋಪವೂ ಕೊಲೆ ಯತ್ನದ ಆರೋಪವೂ ಮೊದಲ ಪುಟದ ಮೊತ್ತದಲ್ಲಿ ತಲಾ ಒಂದೊಂದೇ ಆಗಿ ಸೇರುತ್ತವೆ. ಯಾವ ಕಲಮಿನಡಿ ಎಂಬುದನ್ನು ಒಳಪುಟದಲ್ಲಿ ನೋಡದೆ ಆ ಸಂಖ್ಯೆಯನ್ನು ಬಳಸುವುದು ಅನ್ಯಾಯ. ಆಸ್ತಿಯ ವಿಷಯವೂ ಹಾಗೆಯೇ. ಸ್ಥಿರಾಸ್ತಿಯನ್ನು ಪ್ರಚಲಿತ ಮಾರುಕಟ್ಟೆ ಬೆಲೆಯಲ್ಲಿ ತೋರಿಸಬೇಕಾಗಿರುವುದರಿಂದ, ಜಯನಗರದಂತಹ ಬಡಾವಣೆಯಲ್ಲಿ ತಂದೆಯ ಕಾಲದ ಒಂದು ನಿವೇಶನ ಉಳ್ಳವರ ಆಸ್ತಿ ಐದು ವರ್ಷಗಳಲ್ಲಿ ಏನನ್ನೂ ಕೊಳ್ಳದೆಯೇ ಬಹಳಷ್ಟು ಹೆಚ್ಚಿದಂತೆ ಕಾಣುತ್ತದೆ. ಖರೀದಿ ಬೆಲೆ ಮತ್ತು ಖರೀದಿಯ ದಿನಾಂಕ ಮೂಲ ಪ್ರಮಾಣಪತ್ರದಲ್ಲಿಯೇ ಇರುತ್ತವೆ. ಮೂಲ ಪ್ರತಿ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ ಸಿಗುವುದರಿಂದ, ಕೋಷ್ಟಕವನ್ನು ಸೂಚಿಯಾಗಿ ಇಟ್ಟುಕೊಂಡು ಪ್ರಮಾಣಪತ್ರವನ್ನೇ ಉಲ್ಲೇಖಿಸುವುದು ಲೇಸು. ಪಕ್ಷಗಳಿಗೆ ಬಂದ 20,000 ರೂಪಾಯಿಗೆ ಮೀರಿದ ದೇಣಿಗೆಗಳ ವರದಿ ಮತ್ತು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಹೊರಬಂದ ಚುನಾವಣಾ ಬಾಂಡ್‌ಗಳ ಪಟ್ಟಿಗಳೂ ಆಯೋಗದ ತಾಣದಲ್ಲಿಯೇ ಇವೆ. ಬಾಂಡ್‌ಗಳ ವಿಷಯದಲ್ಲಿ ಮಾರ್ಚ್ 14ರ ಪಟ್ಟಿಯನ್ನು ಬಿಟ್ಟು ಮಾರ್ಚ್ 21ರದನ್ನು ತೆಗೆದುಕೊಳ್ಳಬೇಕು. ಕೊಂಡವರನ್ನೂ ಪಡೆದ ಪಕ್ಷವನ್ನೂ ಜೋಡಿಸುವ ಬಾಂಡ್ ಸಂಖ್ಯೆ ಇರುವುದು ಎರಡನೆಯದರಲ್ಲಿ.

ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರದ ಲೋಕ್‌ಢಾಬಾ ಎಂಬ ತಾಣ ದಶಕಗಳ ಚುನಾವಣಾ ಫಲಿತಾಂಶಗಳನ್ನು ಹೊಂದಿಸಿ, ನೇರವಾಗಿ ಇಳಿಸಿಕೊಳ್ಳಬಹುದಾದ ಕೋಷ್ಟಕಗಳನ್ನು ಕೊಡುತ್ತದೆ. ಅಚ್ಚುಕಟ್ಟಾದ ಕೆಲಸ. ಒಂದೇ ಎಚ್ಚರಿಕೆಯೆಂದರೆ, ಕ್ಷೇತ್ರ ಪುನರ್ವಿಂಗಡಣೆಯಾಗಿ 2008ರಲ್ಲಿ ಗಡಿಗಳು ಬದಲಾದದ್ದರಿಂದ 2004ರ ಜಯನಗರ ಮತ್ತು ಇಂದಿನ ಜಯನಗರ ಹೆಸರಿನಲ್ಲಷ್ಟೇ ಒಂದು.

ಗೆದ್ದವರು ಸದನದಲ್ಲಿ ಏನು ಕೇಳಿದರು ಎಂಬುದನ್ನು ತಿಳಿಯಲು ಕರ್ನಾಟಕ ವಿಧಾನಸಭೆಯ ಜಾಲತಾಣವಿದೆ. ಅದರ ರೂಪ ಹಳೆಯದು, ಹುಡುಕುವ ಸೌಲಭ್ಯ ಬಡವಾದುದು; ಹಾಗಿದ್ದರೂ ಕನ್ನಡದಲ್ಲಿಯೇ ಬರೆಯುವವರಿಗೆ ಇದಕ್ಕಿಂತ ಸಮೃದ್ಧವಾದ ಆಕರ ಇನ್ನೊಂದಿಲ್ಲ ಎಂದೇ ಹೇಳುತ್ತೇನೆ. ಚುಕ್ಕೆ ಗುರುತಿನ (ಸದನದಲ್ಲಿ ಮೌಖಿಕ ಉತ್ತರ ಬೇಡುವ) ಮತ್ತು ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಸಾಕೆನ್ನುವ) ಪ್ರಶ್ನೆಗಳಿಗೆ ಸಚಿವರು ಕೊಟ್ಟ ಉತ್ತರಗಳು ಅಲ್ಲಿ ಕನ್ನಡದಲ್ಲಿ ಸಿಗುತ್ತವೆ. ಉತ್ತರದ ಅಂಕಣದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದೋ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು’ ಎಂದೋ ಕಂಡರೆ ನಿರಾಶರಾಗಿ ಮುಚ್ಚಿಬಿಡುವವರೇ ಹೆಚ್ಚು. ‘ವಿವರವನ್ನು ಅನುಬಂಧದಲ್ಲಿ ಒದಗಿಸಿದೆ’ ಎಂಬ ಸಾಲು ಕಂಡರೆ ಮಾತ್ರ ಕೊನೆಯ ಪುಟದವರೆಗೂ ಹೋಗಬೇಕು. ತಾಲ್ಲೂಕುವಾರು, ಕೆಲವೊಮ್ಮೆ ಕಾಮಗಾರಿವಾರು ಅನುದಾನದ ಪಟ್ಟಿಗಳು ಅಡಗಿರುವುದು ಆ ಅನುಬಂಧಗಳಲ್ಲಿ.

2005ರಿಂದ ಕೆಲಸ ಮಾಡುತ್ತಿರುವ ದೆಹಲಿಯ ಪಿಆರ್‌ಎಸ್ ಎಂಬ ಶಾಸನ ಅಧ್ಯಯನ ಸಂಸ್ಥೆಯ ತಾಣ ಇದಕ್ಕೆ ತದ್ವಿರುದ್ಧ. ಮಸೂದೆ ಎಲ್ಲಿಗೆ ಬಂದಿದೆ, ಅದರಲ್ಲಿ ಏನಿದೆ, ಸ್ಥಾಯಿ ಸಮಿತಿ ಏನೆಂದಿತು ಎಂಬುದೆಲ್ಲ ಒಂದೇ ಪುಟದಲ್ಲಿ, ಪಕ್ಷ ವಹಿಸದ ಭಾಷೆಯಲ್ಲಿ ದೊರೆಯುತ್ತದೆ. ಸಂಸದರ ಹಾಜರಾತಿಯ ಪುಟವನ್ನು ಬಳಸುವವರು, ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲವಾದ್ದರಿಂದ ಅವರ ಲೆಕ್ಕ ಅಲ್ಲಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ರಾಜ್ಯ ಬಜೆಟ್‌ಗಳ ಸಂಕ್ಷಿಪ್ತ ವಿಶ್ಲೇಷಣೆಯೂ ಅಲ್ಲುಂಟು, ಆದರೆ ಇಂಗ್ಲಿಷ್‌ನಲ್ಲಿ. ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗೆ ಇದನ್ನು ಒಪ್ಪಿಸುವಾಗ ನನಗೆ ಯಾವಾಗಲೂ ಸ್ವಲ್ಪ ಹಿಂಜರಿಕೆಯಾಗುತ್ತದೆ.

ಸಂವಿಧಾನದ ಹಿನ್ನೆಲೆ ಬೇಕಾದವರಿಗೆ ನಮ್ಮ ಬೆಂಗಳೂರಿನದೇ ಆದ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ರೂಪಿಸಿದ ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ತಾಣವನ್ನು ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. 1946ರ ಡಿಸೆಂಬರ್ 9ರಿಂದ ನಡೆದ ಸಂವಿಧಾನ ಸಭೆಯ ಚರ್ಚೆಗಳನ್ನು ದಿನಾಂಕ, ವಿಧಿ, ಸದಸ್ಯರ ಹೆಸರಿನಿಂದ ಹುಡುಕಬಹುದು. ಪ್ರತಿ ಪ್ಯಾರಾಗೂ ಸಂಖ್ಯೆ ಇರುವುದರಿಂದ ಉಲ್ಲೇಖ ಖಚಿತವಾಗಿರುತ್ತದೆ. ನಮಗೆ ಬೇಕಾಗಿದ್ದದ್ದು ವೀಣೆ ಅಥವಾ ಸಿತಾರಿನ ನಾದ, ಇಲ್ಲಿರುವುದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದು ಸಿದ್ಧವಾದ ಸಂವಿಧಾನವನ್ನು ಕುರಿತು 1949ರ ನವೆಂಬರ್‌ನಲ್ಲಿ ಕೆಂಗಲ್ ಹನುಮಂತಯ್ಯನವರು ಆಡಿದ ಮಾತಿನ ಹಿಂದುಮುಂದನ್ನು ಅಲ್ಲಿ ಪೂರ್ತಿಯಾಗಿ ಓದಬಹುದು. ಆ ಒಂದು ವಾಕ್ಯವನ್ನಷ್ಟೇ ಕಿತ್ತು ಭಾಷಣಗಳಿಗೆ ಅಲಂಕಾರ ಮಾಡಿಕೊಳ್ಳುವವರು ಅಷ್ಟನ್ನಾದರೂ ಮಾಡಬೇಕು.

ಕಾಯ್ದೆಗಳಿಗೆ ಇಂಡಿಯಾ ಕೋಡ್ ತಾಣವೂ ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣವೂ, ಅಧಿಸೂಚನೆಗಳಿಗೆ ರಾಜ್ಯದ ಗೆಜೆಟ್ ಸಿಗುವ ಇ-ರಾಜ್ಯಪತ್ರ ತಾಣವೂ ಇವೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; ಹೇಳಬೇಕಾದ ತೊಡಕು ಅಕ್ಷರದ್ದು. ಹಲವು ಇಲಾಖೆಗಳ ಹಳೆಯ ಕನ್ನಡ ಕಡತಗಳು ಯೂನಿಕೋಡ್‌ನಲ್ಲಿಲ್ಲ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಓದಲು ತೊಂದರೆಯಿಲ್ಲ, ಆದರೆ ‘ಕನ್ನಡ’ ಎಂಬ ಪದವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ ಅಕ್ಷರವೂ ‘ನ’ ಇರಬೇಕಾದಲ್ಲಿ ಪೌಂಡ್ ನಾಣ್ಯದ ಚಿಹ್ನೆಯೂ ಬಂದು ಕೂರುತ್ತವೆ. ಅಂತಹ ಕಡತ ಗೂಗಲ್‌ನ ಕನ್ನಡ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಆದ್ದರಿಂದ ಹುಡುಕಿದಾಗ ಬರಲಿಲ್ಲವೆಂದ ಮಾತ್ರಕ್ಕೆ ದಾಖಲೆಯೇ ಇಲ್ಲವೆಂದು ತೀರ್ಮಾನಿಸದೆ, ಇಲಾಖೆ ಮತ್ತು ದಿನಾಂಕ ಹಿಡಿದು ಪಟ್ಟಿಯನ್ನೇ ನೋಡಬೇಕು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳನ್ನು ಮತ್ತೊಮ್ಮೆ ಪರಿಶೀಲಿಸಿಕೊಂಡರೆ ಕೆಲಸ ಸಾಗುತ್ತದೆ.

ಆರ್ಥಿಕ ಇಲಾಖೆಯ ತಾಣದಲ್ಲಿ ಆಯವ್ಯಯ ಭಾಷಣ ಕನ್ನಡದಲ್ಲಿಯೇ ಇದೆ. 2025-26ರ ಆಯವ್ಯಯ 4.09 ಲಕ್ಷ ಕೋಟಿ ರೂಪಾಯಿಗಳದೆಂದು ಬರೆಯುವವರು, ಅದು ಅಂದಾಜು ಮಾತ್ರವೆಂದೂ ಪರಿಷ್ಕೃತ ಅಂದಾಜು ಮರುವರ್ಷದ, ನಿಜವಾದ ಲೆಕ್ಕ ಅದರ ನಂತರದ ವರ್ಷದ ಪುಸ್ತಕದಲ್ಲಿ ಬರುತ್ತದೆಂದೂ ತಿಳಿದಿರಬೇಕು. ಖರ್ಚಾದದ್ದರ ಗುಣಾವಗುಣಕ್ಕೆ ಮಹಾಲೇಖಪಾಲರ (ಸಿಎಜಿ) ವರದಿಗಳನ್ನು ನೋಡಬೇಕು.

ನಗರಾಡಳಿತಕ್ಕೆ ಬಂದಾಗ ಸರ್ಕಾರಿ ತಾಣಗಳಿಗಿಂತ ಊರ್ವಾಣಿ ಪ್ರತಿಷ್ಠಾನದ ಓಪನ್‌ಸಿಟಿ ಮುಂದಿದೆ. ಪಾಲಿಕೆಯ ವರ್ಷವಾರು ಬಜೆಟ್‌ಗಳು, ವಾರ್ಡ್ ನಕ್ಷೆಗಳು, ಸಮಿತಿಗಳ ವರದಿಗಳು ಅಲ್ಲಿ ಒಂದೆಡೆ ಇವೆ. ವಾರ್ಡ್ ಎಂಬುದು ಬೆಂಗಳೂರಿನಲ್ಲಿ ಜಾರುವ ಲೆಕ್ಕ. 2015ರಲ್ಲಿ ಚುನಾವಣೆ ನಡೆದಾಗ ಇದ್ದವು 198. 2022ರಲ್ಲಿ ಅವನ್ನು 243 ಎಂದು ವಿಂಗಡಿಸಿ, ಮರುವರ್ಷ 225ಕ್ಕೆ ಇಳಿಸಲಾಯಿತು. ಆಯ್ಕೆಯಾದ ಕೌನ್ಸಿಲ್ 2020ರ ಸೆಪ್ಟೆಂಬರ್‌ನಲ್ಲಿಯೇ ಮುಗಿದಿದ್ದುದರಿಂದ ನಂತರದ ಆ ಎರಡೂ ಪಟ್ಟಿಗಳ ಮೇಲೆ ಒಂದು ಚುನಾವಣೆಯೂ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದು, ವಾರ್ಡ್‌ಗಳ ಗಡಿಯನ್ನು ಮತ್ತೆ ಎಳೆಯಬೇಕಾಯಿತು. ವರ್ಷ ನಮೂದಿಸದ ವಾರ್ಡ್ ನಕ್ಷೆ ಎಷ್ಟೇ ಚೆಂದವಾಗಿದ್ದರೂ ಅಧ್ಯಯನಕ್ಕೆ ನಿರುಪಯೋಗಿ.

ಇಷ್ಟೆಲ್ಲ ಹುಡುಕಿಯೂ ಸಿಗದ ದಾಖಲೆಗೆ ರಾಜ್ಯದ ಮಾಹಿತಿ ಹಕ್ಕು ಪೋರ್ಟಲ್ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಅರ್ಜಿ ಕನ್ನಡದಲ್ಲಿಯೇ ಇರಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ‘ಜಯನಗರದ ರಸ್ತೆಗಳಿಗೆ ಏಕೆ ಹಣ ಕೊಟ್ಟಿಲ್ಲ’ ಎಂದು ಕೇಳಿದರೆ, ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂಬ ಹಿಂಬರಹ ಬರುತ್ತದೆ. ವಿಧಾನಸಭೆಯ ಉತ್ತರದ ಅನುಬಂಧದಿಂದ ಕಾಮಗಾರಿಯ ಹೆಸರನ್ನೂ ರಾಜ್ಯಪತ್ರದಿಂದ ಆದೇಶದ ಸಂಖ್ಯೆ, ದಿನಾಂಕಗಳನ್ನೂ ಮೊದಲೇ ಬರೆದಿಟ್ಟುಕೊಂಡು, ಆ ಕಡತದ ಇಂತಿಂತಹ ಪುಟಗಳ ದೃಢೀಕೃತ ಪ್ರತಿ ಬೇಕೆಂದು ಕೇಳಿದ ಅರ್ಜಿಗೆ ಅಂತಹ ಹಿಂಬರಹ ಬರೆಯುವುದು ಯಾವ ಅಧಿಕಾರಿಗೂ ಸುಲಭವಲ್ಲ.