ಒಂದೇ ಕಾರು, ನಾಲ್ಕು ಆಟ: ಪೋರ್ಶೆಯ ಹೆಸರು ಹುಡುಕಿಕೊಂಡು ಹೋದ ಕಥೆ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸ್ಯಾಂಕಿ ರಸ್ತೆಯಲ್ಲಿ ಹೋಗುತ್ತಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬೂದು ಬಣ್ಣದ ಪೋರ್ಶೆ 911 ಬಂದು ನಿಂತಿತು. ಹುಡುಗ ನನ್ನ ಭುಜ ಹಿಡಿದು ಅಲುಗಾಡಿಸಿದ. "ಮಾಮ, ಮಾಮ, ರೂಫ್ ನೋಡು!" "ರೂಫ್ ಅಲ್ಲ ಕಣೋ, ಪೋರ್ಶೆ" ಅಂದೆ. ಒಪ್ಪಲಿಲ್ಲ. ನನ್ನ ಹಳೇ ಪ್ಲೇಸ್ಟೇಷನ್ 2ರಲ್ಲಿ ಎರಡು ವಾರದಿಂದ ತಾನೇ ಓಡಿಸುತ್ತಿದ್ದ ಕಾರು ಅವನಿಗೆ ಗೊತ್ತಿಲ್ಲವೇ?

ಅವನ ತಪ್ಪೇನೂ ಇರಲಿಲ್ಲ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಲಕ್ಷಾಂತರ ಹುಡುಗರು ಆ ಕಾರನ್ನು ಹಾಗೇ ಕರೆದು ಬೆಳೆದಿದ್ದಾರೆ. ಮನೆಗೆ ಬಂದು ಅವನಿಗೆ ವಿವರಿಸಲು ಹೊರಟವನು ಕೊನೆಗೆ ನಾನೇ ಒಂದು ಪರೀಕ್ಷೆ ಶುರು ಮಾಡಿದೆ. ಹಿಂಬದಿಯಲ್ಲಿ ಎಂಜಿನ್ನು, ಕಪ್ಪೆಯಂತೆ ಉಬ್ಬಿದ ಎರಡು ದೀಪ, ಇಳಿಜಾರು ಬೆನ್ನು. ಈ ಒಂದು ಬಗೆಯ ಕಾರನ್ನು ನಾಲ್ಕು ಆಟಗಳಲ್ಲಿ ಓಡಿಸುವುದು. ಎಲ್ಲದರಲ್ಲೂ ಮೂರೇ ಕೆಲಸ: ನಿಂತಲ್ಲೇ ಎಂಜಿನ್ ಸದ್ದು ಕೇಳುವುದು, ತಿರುವುಗಳ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸುವುದು, ಕೊನೆಗೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದು. ಕಾರಿನ ಹೆಸರು, ರೂಪ ಬಳಸಿಕೊಳ್ಳಲು ಕಾರು ಕಂಪನಿ ಕೊಡುವ ಲೈಸೆನ್ಸ್ ಆಟದೊಳಗೆ ಏನು ಮಾಡುತ್ತದೆ ಅನ್ನುವುದು ಈ ಮೂರರಲ್ಲೇ ಗೊತ್ತಾಗಿಬಿಡುತ್ತದೆ.

ಮೊದಲು ಅವನು ಗ್ರಾನ್ ಟುರಿಸ್ಮೋ 4 ಆಟದಲ್ಲಿ ಓಡಿಸುತ್ತಿದ್ದ "ರೂಫ್". ಆ ಹೆಸರು ಹೇಗೆ ಬಂತು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 2000ದಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ತನ್ನ ನೀಡ್ ಫಾರ್ ಸ್ಪೀಡ್ ರೇಸಿಂಗ್ ಸರಣಿಯಲ್ಲಿ ಬರೀ ಪೋರ್ಶೆ ಕಾರುಗಳದೇ ಒಂದು ಆಟ ತಂದಿತು. 1950ರ 356 ಮಾದರಿಯಿಂದ ಹಿಡಿದು ಆ ಕಾಲದ ಹೊಸ 911 ಟರ್ಬೋವರೆಗೆ ಇಡೀ ಚರಿತ್ರೆಯನ್ನೇ ಓಡಿಸಬಹುದಿತ್ತು. ಇವತ್ತಿಗೂ ನನಗೆ ಅದು ತುಂಬ ಪ್ರೀತಿಯ ಆಟ. ಆದರೆ ಅದರ ಹಿಂದಿದ್ದ ಒಪ್ಪಂದ ಅಲ್ಲಿಗೆ ಮುಗಿಯಲಿಲ್ಲ. ಪೋರ್ಶೆ ಹೆಸರನ್ನು ಆಟಗಳಲ್ಲಿ ಬಳಸುವ ಹಕ್ಕು 2016ರ ಕೊನೆಯವರೆಗೆ ಆ ಒಂದೇ ಕಂಪನಿಯ ಕೈಯಲ್ಲಿತ್ತು. ಬೇರೆ ಯಾರಿಗಾದರೂ ಪೋರ್ಶೆ ಬೇಕಿದ್ದರೆ ಪೋರ್ಶೆಯನ್ನಲ್ಲ, ಇವರನ್ನು ಕೇಳಬೇಕಿತ್ತು. 2011ರಲ್ಲಿ ಫೋರ್ಜಾ ಮೋಟರ್‌ಸ್ಪೋರ್ಟ್ 4 ಅನ್ನುವ ರೇಸಿಂಗ್ ಆಟ ಬಂದಾಗ ಅದರಲ್ಲಿ ಪೋರ್ಶೆ ಇರಲಿಲ್ಲ. ಮರುವರ್ಷ ಮಾತುಕತೆ ಕುದುರಿ 30 ಪೋರ್ಶೆಗಳ ಪ್ಯಾಕನ್ನು ಬೇರೆಯಾಗಿ ದುಡ್ಡಿಗೆ ಮಾರಿದರು.

ಗ್ರಾನ್ ಟುರಿಸ್ಮೋ ಮಾಡುವ ಪಾಲಿಫೋನಿ ಡಿಜಿಟಲ್ ಹಿಡಿದದ್ದು ಬೇರೆ ದಾರಿ. ಜರ್ಮನಿಯ ಬವೇರಿಯಾ ಪ್ರಾಂತದ ಫಾಫೆನ್‌ಹೌಸೆನ್ ಅನ್ನುವ ಸಣ್ಣ ಊರಿನಲ್ಲಿ ರೂಫ್ ಎಂಬ ಮನೆತನದ ಗ್ಯಾರೇಜು ಇದೆ. 1939ರಲ್ಲಿ ಶುರುವಾದದ್ದು. ಪೋರ್ಶೆಯಿಂದ ಬರೀ ಬಾಡಿಯನ್ನು ತರಿಸಿ, ಅದಕ್ಕೆ ತಮ್ಮದೇ ಎಂಜಿನ್ನು, ಗೇರ್‌ಬಾಕ್ಸು ಹಾಕಿ, ತಮ್ಮದೇ ಚಾಸಿ ನಂಬರ್ ಹೊಡೆಯುತ್ತಾರೆ. 1981ರಿಂದ ಜರ್ಮನ್ ಸರ್ಕಾರದ ಲೆಕ್ಕದಲ್ಲಿ ಅವರು ಕಾರು ರಿಪೇರಿಯವರಲ್ಲ, ಕಾರು ತಯಾರಕರು. ಹಾಗಾಗಿ ಲೈಸೆನ್ಸ್ ಕೊಡುವ ಹಕ್ಕೂ ಅವರದೇ. 911 ಬೇಕು, ಪೋರ್ಶೆ ಹೆಸರು ಸಿಗುತ್ತಿಲ್ಲ ಅಂದಾಗ ಹಲವು ಆಟದವರು ಈ ಬಾಗಿಲಿಗೆ ಬಂದರು.

ಗ್ರಾನ್ ಟುರಿಸ್ಮೋ 4ರಲ್ಲಿ ನಾನು ಆರಿಸಿದ್ದು 1987ರ ರೂಫ್ ಸಿಟಿಆರ್, ಯೆಲ್ಲೋ ಬರ್ಡ್ ಅಂತ ಹೆಸರಾದ ಹಳದಿ ಕಾರು. ಅಸಲಿ ಕಾರು ಆ ವರ್ಷ ಗಂಟೆಗೆ 339 ಕಿ.ಮೀ. ಮುಟ್ಟಿ ಫೆರಾರಿಗಳನ್ನೂ ಪೋರ್ಶೆಯದೇ 959 ಅನ್ನೂ ಹಿಂದೆ ಹಾಕಿತ್ತು. ಆಟದಲ್ಲಿ ಅದರ ಸದ್ದು ಇಪ್ಪತ್ತು ವರ್ಷ ಹಳೆಯದು, ಸ್ವಲ್ಪ ತಗಡಿನಂತೆ ಕೇಳುತ್ತದೆ, ನಿಜ. ಆದರೆ ನೂರ್‌ಬರ್ಗ್‌ರಿಂಗಿನ ಸುಮಾರು 21 ಕಿ.ಮೀ. ಕಾಡಿನ ಟ್ರ್ಯಾಕಿನಲ್ಲಿ ಅದನ್ನು ಓಡಿಸಿ ನೋಡಿ. ಟರ್ಬೋ ಮೊದಲು ಸುಮ್ಮನಿರುತ್ತದೆ. ತಿರುವಿನ ನಡುವೆ ಒಮ್ಮೆಲೇ ಎಚ್ಚರವಾಗುತ್ತದೆ. ಗಾಬರಿಯಾಗಿ ಆಕ್ಸಿಲರೇಟರಿನಿಂದ ಬೆರಳು ತೆಗೆದಿರೋ, ಹಿಂಬದಿ ನಿಮಗಿಂತ ಮುಂದೆ ಹೋಗಿಬಿಡುತ್ತದೆ. ಈ ಕಾರನ್ನು ಯಾರೋ ಕೂತು, ಪ್ರೀತಿಯಿಂದ, ಅದರ ಗುಣದೋಷ ಎರಡನ್ನೂ ಅರಿತು ಮಾಡಿದ್ದಾರೆ ಅನ್ನುವುದು ಪ್ರತಿ ತಿರುವಿನಲ್ಲೂ ತಿಳಿಯುತ್ತದೆ. ಹೆಸರು ಬದಲಿಯಾದರೂ ಕಾರು ಸುಳ್ಳಲ್ಲ.

ಗೋಡೆಗೆ ಗುದ್ದಿದೆ. ಡಬ್ ಅಂತ ಸದ್ದು ಬಂತು, ಕಾರು ಚೆಂಡಿನ ಹಾಗೆ ಹಿಂದಕ್ಕೆ ಪುಟಿಯಿತು. ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. 700ಕ್ಕೂ ಹೆಚ್ಚು ಕಾರುಗಳಿರುವ ಆ ಆಟದಲ್ಲಿ ಯಾವ ಕಾರೂ ನೆಗ್ಗುವುದಿಲ್ಲ.

ಎರಡನೆಯದು ಫೋರ್ಜಾ ಹೊರೈಜನ್ 4. ಇದರಲ್ಲಿ ಅಪ್ಪಟ ಪೋರ್ಶೆ, 1982ರ 911 ಟರ್ಬೋ 3.3. ಮೂತಿಯ ಮೇಲಿನ ಲಾಂಛನದಲ್ಲಿ ಕುದುರೆ ಕಾಣುತ್ತದೆ, ಹಿಂದಿನ ಅಗಲ ರೆಕ್ಕೆಯ ರಬ್ಬರ್ ಅಂಚು ಕಾಣುತ್ತದೆ, ಒಳಗೆ ಕೂತರೆ ಐದು ಮೀಟರುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿವೆ. ದುಡ್ಡು ಕೊಟ್ಟು ಪಡೆದ ಲೈಸೆನ್ಸಿನ ಬೆಲೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ಲೈಸೆನ್ಸ್ ಅಂದರೆ ಹೆಸರು ಬರೆದುಕೊಳ್ಳುವ ಅನುಮತಿ ಮಾತ್ರ ಅಲ್ಲ. ಲಾಂಛನ, ಮಾದರಿಯ ಹೆಸರು, ಬಾಡಿಯ ಆಕಾರ ಎಲ್ಲವೂ ಅದರಲ್ಲಿ ಬರುತ್ತದೆ. ಒಪ್ಪಿದ ಕಂಪನಿ ವಿನ್ಯಾಸದ ಫೈಲುಗಳನ್ನು ಕೊಡಬಹುದು, ಫೋಟೋ ತೆಗೆಯಲು, ಸದ್ದು ರೆಕಾರ್ಡ್ ಮಾಡಲು ಕಾರನ್ನೇ ಕೊಡಬಹುದು. ಮಾಡಿ ಮುಗಿಸಿದ ಮೇಲೆ ಅವರಿಗೆ ತೋರಿಸಿ ಹೂಂ ಅನ್ನಿಸಿಕೊಳ್ಳಬೇಕು. ರೇಸಿನ ಕಾರಾದರೆ ಇನ್ನೂ ಕಷ್ಟ, ಮೈಮೇಲಿನ ಟೈರು ಕಂಪನಿ, ಆಯಿಲ್ ಕಂಪನಿ ಸ್ಟಿಕ್ಕರುಗಳಿಗೂ ಅವರವರ ಒಪ್ಪಿಗೆ ಬೇಕು.

ಹೂಂ ಅನ್ನುವವರಿಗೆ ಉಹುಂ ಅನ್ನುವ ಅಧಿಕಾರವೂ ಇರುತ್ತದಲ್ಲ. ಅದು ಗೋಡೆಯ ಹತ್ತಿರ ಗೊತ್ತಾಯಿತು. ಈ ಆಟ ನಡೆಯುವುದು ಬ್ರಿಟನ್ನಿನಲ್ಲಿ. ಹಳ್ಳಿ ರಸ್ತೆಗಳ ಪಕ್ಕ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆಗಳಿವೆ. ನೂರರ ವೇಗದಲ್ಲಿ ನುಗ್ಗಿಸಿದೆ. ಗೋಡೆ ಪುಡಿಯಾಯಿತು, ಕಾರು ಹೊಲದಲ್ಲಿ ಸಲೀಸಾಗಿ ಮುಂದೆ ಓಡಿತು! ತಿರುಗಿ ಬಂದು ಎಡಿನ್‌ಬರೋದ ಗಟ್ಟಿ ಕಟ್ಟಡವೊಂದಕ್ಕೆ ಗುದ್ದಿದೆ. ಬಂಪರ್ ಸ್ವಲ್ಪ ಒಳಗೆ ಹೋಯಿತು, ಬಣ್ಣ ಕಿತ್ತಿತು, ಗಾಜು ಬಿರುಕು ಬಿಟ್ಟಿತು. ಅಷ್ಟೇ. ಎಷ್ಟು ಸಲ ಗುದ್ದಿದರೂ ಮೇಲ್ಛಾವಣಿ ಕೂತವನ ತಲೆಯ ಮಟ್ಟಕ್ಕೆ ಇಳಿಯುವುದಿಲ್ಲ. ತಮ್ಮ ಕಾರು ಅಪ್ಪಚ್ಚಿಯಾಗಿ, ಒಳಗಿದ್ದವನು ಉಳಿಯಲಾರ ಅನ್ನುವಂಥ ಚಿತ್ರ ಯಾವ ಕಂಪನಿಗೆ ಬೇಕು? ಅವರ ಕಡೆಯಿಂದ ನೋಡಿದರೆ ನನಗೆ ಅರ್ಥವಾಗುತ್ತದೆ. ಆದರೆ ಹನ್ನೆರಡು ವರ್ಷದ ಹುಡುಗನ ಪಕ್ಕ ಕೂತು ನೋಡುವಾಗ ಹೊಟ್ಟೆಯೊಳಗೆ ಕಸಿವಿಸಿಯಾಯಿತು. ಕಲ್ಲುಗೋಡೆ ಒಡೆಯುತ್ತದೆ, ಕಾರು ಒಡೆಯುವುದಿಲ್ಲ ಅಂತ ಅವನ ಕೈಬೆರಳು ಕಲಿಯುತ್ತಿತ್ತು.

ಇದೇ ಆಟ 2018ರಲ್ಲಿ ಬಂದಾಗ ಟೊಯೋಟಾದ ರಸ್ತೆ ಕಾರುಗಳು ಇರಲಿಲ್ಲ. ಟೊಯೋಟಾದ ಸುಪ್ರಾ ಕಾರು ಬಂದದ್ದು 2020ರ ಹೊತ್ತಿಗೆ. 2019ರ ನೀಡ್ ಫಾರ್ ಸ್ಪೀಡ್ ಹೀಟ್‌ನಲ್ಲೂ ಟೊಯೋಟಾ ಇಲ್ಲ. ಬೀದಿ ರೇಸು, ಪೊಲೀಸರಿಂದ ತಪ್ಪಿಸಿಕೊಂಡು ಓಡುವುದು ಇಂಥ ಕಥೆಗೆ ಹೆಸರು ಕೊಡಬೇಕೋ ಬೇಡವೋ ಅನ್ನುವುದು ಕಂಪನಿಯ ಇಷ್ಟ. ಮೈಸೂರಿಗೆ ಹೋಗುವಾಗಲೆಲ್ಲ ಬಿಡದಿಯ ಟೊಯೋಟಾ ಕಾರ್ಖಾನೆ ದಾಟುತ್ತೇವೆ, ರಸ್ತೆ ತುಂಬ ಇನ್ನೋವಾಗಳು. ಅಷ್ಟು ಕಣ್ಣಿಗೆ ಬೀಳುವ ಹೆಸರು ಒಂದು ದೊಡ್ಡ ಆಟದಲ್ಲಿ ಇಲ್ಲವೆಂದರೆ ಯಾರೋ ಮರೆತಿದ್ದಾರೆ ಅಂತ ಹುಡುಗ ತಿಳಿದಿದ್ದ.

ಇನ್ನೊಂದು ಮುಖ್ಯ ಸಂಗತಿ. ಲೈಸೆನ್ಸಿಗೆ ಕೊನೆಯ ದಿನ ಅಂತ ಒಂದಿರುತ್ತದೆ. ಕಾರು ಮತ್ತು ಹಾಡುಗಳ ಲೈಸೆನ್ಸ್ ಮುಗಿದದ್ದರಿಂದ ಫೋರ್ಜಾ ಹೊರೈಜನ್ 4 ಅನ್ನು 2024ರ ಡಿಸೆಂಬರ್ 15ರಂದು ಆನ್‌ಲೈನ್ ಮಾರಾಟದಿಂದ ತೆಗೆದರು. ಅದಕ್ಕೂ ಮೊದಲು ಬಂದ ಮೂರು ಹೊರೈಜನ್ ಆಟಗಳಿಗೂ ಇದೇ ಆಯಿತು. ನಾನು ಮೊದಲೇ ಕೊಂಡಿದ್ದರಿಂದ ಆಡಬಲ್ಲೆ. ನೀವು ಈಗ ಕೊಳ್ಳಹೋದರೆ ಹಳೇ ಡಿಸ್ಕ್ ಹುಡುಕಬೇಕು. ಆರೇ ವರ್ಷ! ಅಷ್ಟು ಜನ ಕೂತು ಕಡೆದ ಕೆಲಸ ಅಂಗಡಿಯ ಕಪಾಟಿನಿಂದ ಇಳಿದುಹೋಗುವುದು ನನಗೆ ನಿಜಕ್ಕೂ ದುಃಖದ ವಿಷಯ.

ಮೂರನೆಯದಾದ ಗ್ರಾಂಡ್ ಥೆಫ್ಟ್ ಆಟೋ 5ರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹುಡುಗ ಮಲಗಿದ ಮೇಲೆ ಆಡಿದೆ. ಅಲ್ಲಿ 911ರ ಹೆಸರು ಫಿಸ್ಟರ್ ಕಾಮೆಟ್. ಫೆರಾರಿಯಂಥದ್ದು ಗ್ರೊಟ್ಟಿ, ಲ್ಯಾಂಬೋರ್ಗಿನಿಯಂಥದ್ದು ಪೆಗಾಸಿ, ಟೊಯೋಟಾ ಬಗೆಯದು ಕ್ಯಾರಿನ್. ದೀಪ ಒಂದು ಕಾರಿನದು, ಬೆನ್ನು ಇನ್ನೊಂದರದು ಅಂತ ಬೆರೆಸಿ, ನೋಡಿದ ಕೂಡಲೇ ಗುರುತು ಸಿಗಬೇಕು, ಆದರೆ ಇದು ಅದೇ ಅಂತ ಯಾರೂ ಕೈಮಾಡಿ ತೋರಿಸಬಾರದು, ಹಾಗೆ ಮಾಡಿದ್ದಾರೆ. ಗುದ್ದಿದರೆ ಬಾನೆಟ್ ಮಡಿಯುತ್ತದೆ, ಬಾಗಿಲು ಕಳಚಿ ಬೀಳುತ್ತದೆ, ಓಡಿಸುವವನು ಗಾಜು ಒಡೆದು ಹೊರಗೆ ಹಾರುತ್ತಾನೆ. ಯಾರ ಒಪ್ಪಿಗೆಯೂ ಬೇಡ ಅಂದಮೇಲೆ ಕಾರಿಗೆ ಏನು ಬೇಕಾದರೂ ಮಾಡಬಹುದು. ಓಡಿಸುವ ಸುಖ ಮಾತ್ರ ಸಾಧಾರಣ. ಹಿಂಬದಿ ಎಂಜಿನ್ನಿನ ತೂಕ ಎಲ್ಲೂ ನನಗೆ ತಿಳಿಯಲಿಲ್ಲ.

ಹೆಸರು ಬಳಸಿಯೇ ತೀರುತ್ತೇನೆ, ಲೈಸೆನ್ಸ್ ತೆಗೆದುಕೊಳ್ಳುವುದಿಲ್ಲ ಅಂದರೆ ಏನಾಗುತ್ತದೆ? ಅಮೆರಿಕದಲ್ಲಿ ಒಂದು ಮೊಕದ್ದಮೆ ನಡೆದಿದೆ. ಸೇನೆಯ ಹಮ್ವೀ ಗಾಡಿ ತಯಾರಿಸುವ ಎಎಂ ಜನರಲ್, ಕಾಲ್ ಆಫ್ ಡ್ಯೂಟಿ ಆಟದಲ್ಲಿ ತಮ್ಮ ಗಾಡಿ ಬಳಸಿದ್ದಕ್ಕೆ ಆ ಆಟದ ಕಂಪನಿ ಆಕ್ಟಿವಿಷನ್ ಮೇಲೆ 2017ರಲ್ಲಿ ದಾವೆ ಹೂಡಿತು. ನ್ಯೂಯಾರ್ಕಿನ ಫೆಡರಲ್ ಕೋರ್ಟು 2020ರ ಮಾರ್ಚ್ 31ರಂದು ಆಟದವರ ಪರ ತೀರ್ಪು ಕೊಟ್ಟಿತು. ಯುದ್ಧದ ಕಥೆ ನಿಜವೆನಿಸಲು ನಿಜವಾದ ಗಾಡಿ ಬೇಕು, ಅದು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಅನ್ನುವ ಧಾಟಿ. ಹಾಗಂತ ರೇಸಿಂಗ್ ಆಟದವರು ಧೈರ್ಯ ಮಾಡಿ ನುಗ್ಗುವುದು ಕಷ್ಟ. ಅಲ್ಲಿ ಕಾರೇ ಸರಕು, ಮುಂದಿನ ವರ್ಷ ಮತ್ತೆ ಅದೇ ಕಂಪನಿಯ ಬಾಗಿಲು ತಟ್ಟಬೇಕು.

ನಾಲ್ಕನೆಯದು ಬೀಮ್‌ಎನ್‌ಜಿ ಡ್ರೈವ್, ಜರ್ಮನಿಯ ಬ್ರೆಮೆನ್ ಊರಿನವರು ಮಾಡಿದ್ದು. ಇದರಲ್ಲಿ ಪೋರ್ಶೆಯೂ ಇಲ್ಲ, ರೂಫೂ ಇಲ್ಲ. ಇಬಿಶು, ಗ್ಯಾವ್ರಿಲ್, ಇಟಿಕೆ, ಹಿರೋಚಿ ಎಲ್ಲವೂ ಹುಟ್ಟಿಸಿದ ಹೆಸರುಗಳು. 911ರ ಪ್ರತಿರೂಪ ಅಂತಲೂ ಇಲ್ಲ, ಹಾಗಾಗಿ ಎಂಜಿನ್ನು ಚಾಲಕನ ಬೆನ್ನ ಹಿಂದಿರುವ ಹಿರೋಚಿ ಎಸ್‌ಬಿಆರ್4 ತೆಗೆದುಕೊಂಡೆ. ಹೋಲಿಕೆ ಇಲ್ಲಿ ಸ್ವಲ್ಪ ವಾಲುತ್ತದೆ, ಒಪ್ಪುತ್ತೇನೆ. ಈ ಆಟದಲ್ಲಿ ಕಾರು ಅಂದರೆ ಒಂದೇ ಗಟ್ಟಿ ಗೊಂಬೆಯಲ್ಲ. ನೂರಾರು ಬಿಂದುಗಳನ್ನು ಬಾಗಬಲ್ಲ ಕಡ್ಡಿಗಳಿಂದ ಬಿಗಿದ ಚೌಕಟ್ಟು. ಪೆಟ್ಟು ಎಲ್ಲಿ ಬಿತ್ತೋ ಅಲ್ಲಿಂದ ಕಡ್ಡಿಗಳು ಒಂದೊಂದೇ ಬಾಗುತ್ತವೆ, ಮುರಿಯುತ್ತವೆ.

ಹುಡುಗನ ಕೈಗೇ ಸ್ಟೀರಿಂಗ್ ಕೊಟ್ಟೆ. ಕಾಂಕ್ರೀಟ್ ಗೋಡೆ, ನೂರರ ವೇಗ. ಗುದ್ದಿದ ಮೇಲೆ ಆಟವನ್ನು ನಿಧಾನಗತಿಗೆ ತಂದು ನೋಡಿದೆವು. ಮೊದಲು ಬಂಪರ್ ಹೋಯಿತು. ಬಾನೆಟ್ ಗೂಡಾರದ ಹಾಗೆ ಮೇಲೆದ್ದಿತು. ಎಡ ಮುಂಚಕ್ರ ವಾರೆಯಾಗಿ ಬಾಗಿಲ ಕಡೆಗೆ ಒತ್ತಿಕೊಂಡಿತು, ಬಾಗಿಲ ಅಂಚು ಸುಕ್ಕುಗಟ್ಟಿತು. ಹಿಂಬದಿ ನೆಲ ಬಿಟ್ಟು ಎದ್ದು ಮತ್ತೆ ಕೂತಿತು. ಆಮೇಲೆ ರಿವರ್ಸ್ ಹಾಕಿದರೆ ಕಾರು ತೆವಳಿತು, ಸ್ಟೀರಿಂಗ್ ಎಲ್ಲಿಗೆ ತಿರುಗಿಸಿದರೂ ಒಂದೇ ಕಡೆ ಎಳೆಯಿತು. ಹುಡುಗ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮಾಮ, ಒಳಗೆ ನಾವಿದ್ದಿದ್ರೆ?" ಅಂದ. ಬೇರೆ ಮೂರು ಆಟಗಳಲ್ಲಿ ಯಾರಿಗೂ ಬಾರದ ಪ್ರಶ್ನೆ ಅದು. ಯಾವ ಕಂಪನಿಯೂ ತನ್ನ ಹೆಸರು ಹಾಕಿ ಈ ದೃಶ್ಯ ತೋರಿಸಲು ಒಪ್ಪಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮಾಡ್‌ಗಳ, ಅಂದರೆ ಅಭಿಮಾನಿಗಳು ತಾವೇ ಮಾಡಿ ಆಟಕ್ಕೆ ಸೇರಿಸುವ ಕಾರು, ಬಣ್ಣಗಳ ಮಾತನ್ನೂ ಹೇಳಬೇಕು. ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಆಟದಲ್ಲಿ ನಮ್ಮ ಹುಡುಗರು ಕೆಎಸ್‌ಆರ್‌ಟಿಸಿಯ ಐರಾವತ, ರಾಜಹಂಸ ಬಣ್ಣಗಳನ್ನು ಎಷ್ಟು ಅಚ್ಚುಕಟ್ಟಾಗಿ ಬಿಡಿಸಿ ಹಾಕುತ್ತಾರೆಂದರೆ ಬೋರ್ಡಿನ ಕನ್ನಡ ಅಕ್ಷರವೂ ಓರೆಯಾಗಿರುವುದಿಲ್ಲ. ಹಾಗೆ ಬೀಮ್‌ಎನ್‌ಜಿಗೆ ಅಭಿಮಾನಿಗಳು ಮಾಡಿದ ಪೋರ್ಶೆಗಳೂ ಬೇಕಾದಷ್ಟಿವೆ. ನಾನು ಹಾಕಿಕೊಳ್ಳಲಿಲ್ಲ. ಕೆಲವು ಬೇರೆ ಆಟದಿಂದ ಕಿತ್ತು ತಂದವು, ಬೇರೆಯವರ ದುಡಿಮೆ.

ಇಷ್ಟಾದ ಮೇಲೆ ನನ್ನ ಆಯ್ಕೆ ಹೇಳುತ್ತೇನೆ. ಕಾರಿನ ಚಂದ ನೋಡಬೇಕು, ಕುದುರೆಯ ಲಾಂಛನ ಬೇಕೇ ಬೇಕು ಅಂದರೆ ಲೈಸೆನ್ಸ್ ಇರುವ ಆಟವನ್ನೇ ತೆಗೆದುಕೊಳ್ಳಿ, ಆದರೆ ಮಾರಾಟದಲ್ಲಿರುವಾಗಲೇ, ಸಾಧ್ಯವಾದರೆ ಡಿಸ್ಕಿನಲ್ಲಿ. ಮಕ್ಕಳು ಆಡುವ ಮನೆಯಾದರೆ ಬೀಮ್‌ಎನ್‌ಜಿ. ಓಡಿಸುವ ಸಂತೋಷ ಒಂದನ್ನೇ ಕೇಳಿದರೆ ನಾನು ಇನ್ನೂ ಆ ಹಳದಿ ರೂಫ್ ಕಡೆಗೇ. ಅಲ್ಲಿ ಹೆಸರಿನ ಕೊರತೆಯನ್ನು ಒಂದು ಸಣ್ಣ ಗ್ಯಾರೇಜಿನ ನಿಜವಾದ ಚರಿತ್ರೆ ತುಂಬಿಕೊಟ್ಟಿತು.

ರಜೆ ಮುಗಿದು ಹುಡುಗ ಹಾಸನಕ್ಕೆ ಹೊರಟಾಗ ಪ್ಲೇಸ್ಟೇಷನ್ 2 ಅನ್ನು ಅವನಿಗೇ ಕೊಟ್ಟೆ. ಗ್ರಾನ್ ಟುರಿಸ್ಮೋ ಡಿಸ್ಕಿಗೆ ಗೀರು ಬೀಳದಿರಲಿ ಅಂತ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ ಕೇಳಿದ: "ಮಾಮ, ಆ ಗ್ಯಾರೇಜ್ ಇರೋ ಊರಿನ ಹೆಸರು ಏನಂದೆ?"